ಮಗ್ಗಗಳು ನಿಂತ ದಿನದ ಊಟ

ಮೊನ್ನೆ ಮಧ್ಯಾಹ್ನ ಅಂಗಡಿಯ ಒಳಕೋಣೆಯಲ್ಲಿ ಸ್ವಲ್ಪ ಹೊತ್ತು ಒರಗಿದ್ದೆ. ಕರೆಂಟು ಹೋಯಿತು. ಫ್ಯಾನಿನ ಸದ್ದು ನಿಂತದ್ದೇ ತಡ, ಯಾರೋ ಭುಜ ಹಿಡಿದು ಅಲ್ಲಾಡಿಸಿದಂತೆ ಎದ್ದು ಕುಳಿತೆ. ಸೀರೆ ಮಡಚುತ್ತಿದ್ದ ಹುಡುಗಿ ಗಾಬರಿಯಾಗಿ, "ಏನಾಯ್ತು ಮೇಡಂ, ಕೆಟ್ಟ ಕನಸಾ?" ಎಂದಳು. ಕನಸೂ ಇಲ್ಲ, ಏನೂ ಇಲ್ಲ. ಸದ್ದಾದರೆ ಎಚ್ಚರಗೊಳ್ಳುವವರನ್ನು ನೀವು ನೋಡಿರುತ್ತೀರಿ. ನಾನು ಸದ್ದು ನಿಂತರೆ ಎಚ್ಚರಗೊಳ್ಳುವ ಮನೆಯಲ್ಲಿ ಹುಟ್ಟಿದವಳು. ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ನಮ್ಮ ಉದ್ದನೆಯ ಮನೆ. ನಡುಮನೆಯಲ್ಲಿ ನಾಲ್ಕು ಪವರ್‌ಲೂಮು ಮಗ್ಗಗಳು. ಅವುಗಳ ಸದ್ದೇ ನಮಗೆ ಜೋಗುಳ. ಕರೆಂಟು ಹೋದರೆ ತೊಟ್ಟಿಲ ಕೂಸು ಕೂಡ ಕಣ್ಣು ಬಿಡುತ್ತಿತ್ತು. ಆಗ ಬೀದಿಗೆ ಬೀದಿಯೇ ಜಗಲಿಗೆ ಬಂದು ಹರಟೆಗೆ ಕೂರುತ್ತಿತ್ತು, ಗಂಡಸರು ಟೀ ಅಂಗಡಿಯ ಕಡೆ ನಡೆಯುತ್ತಿದ್ದರು, ನಡುಮನೆಯಲ್ಲಿ ಯಾರೂ ಉಳಿಯುತ್ತಿರಲಿಲ್ಲ.

ಆ ನಡುಮನೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಮಗ್ಗಕ್ಕೆ ಬಿಡುವ ಎಣ್ಣೆ, ಬಿಸಿಯಾದ ಮೋಟರು, ಹೊಸ ರೇಷ್ಮೆಯ ಹಸಿ ವಾಸನೆ, ಇವುಗಳ ಮಧ್ಯೆ ಅಡುಗೆಮನೆಯಿಂದ ನುಸುಳಿ ಬರುವ ಅವರೆಕಾಳು ಸಾರಿನ ಘಮ. ಊಟಕ್ಕೆ ಕರೆಯಬೇಕಾದರೆ ಅಮ್ಮ ಬಾಗಿಲಲ್ಲಿ ನಿಂತು ಐದೂ ಬೆರಳು ಸೇರಿಸಿ ಬಾಯಿಯ ಹತ್ತಿರ ತರುತ್ತಿದ್ದಳು. ಅಪ್ಪ ಒಂದು ಬೆರಳು ಎತ್ತಿದರೆ 'ಈ ಸೀರೆ ಮುಗಿಸಿ ಬರ್ತೀನಿ' ಎಂದರ್ಥ. ಮಗ್ಗ ನಿಲ್ಲಿಸುವಂತಿರಲಿಲ್ಲವಾದ್ದರಿಂದ ಒಬ್ಬರು ಉಂಡು ಎದ್ದ ಮೇಲೆ ಇನ್ನೊಬ್ಬರು ಬರುತ್ತಿದ್ದರು. ಇಡೀ ಮನೆ ಒಟ್ಟಿಗೆ ಕೂತು ಉಂಡದ್ದನ್ನು ನಾನು ಕಂಡಿರಲಿಲ್ಲ. ಸನ್ನೆಗೆ ನಿಲುಕದ ಮಾತುಗಳನ್ನು ಕೂಗಿಯೇ ಹೇಳಬೇಕಿತ್ತು. ಹೊರಗಿನವರು ನಮ್ಮ ಮನೆಯಲ್ಲಿ ದಿನವೂ ಜಗಳವೆಂದುಕೊಳ್ಳುತ್ತಿದ್ದರು. ನಿಜ ಬೇರೆಯೇ ಇತ್ತು. ಚಿಕ್ಕಪ್ಪ ಮಗ್ಗದ ಮುಂದೆ ನಿಂತು ಅಪ್ಪನ ಮೇಲೆ ಗೊಣಗುತ್ತಿದ್ದದ್ದು ಅಪ್ಪನಿಗೆ ಕೇಳಿಸುತ್ತಿರಲಿಲ್ಲ. ಚಿಕ್ಕಮ್ಮ ಅಮ್ಮನಿಗೆ ಅಂದದ್ದು ಅಮ್ಮನಿಗೆ ಮುಟ್ಟುತ್ತಿರಲಿಲ್ಲ. ಎಷ್ಟೋ ಜಗಳಗಳನ್ನು ಆ ನಾಲ್ಕು ಮಗ್ಗಗಳೇ ನುಂಗಿಕೊಂಡವು ಎಂದು ಈಗ ಅನ್ನಿಸುತ್ತದೆ.

ಮಗ್ಗ ನಮ್ಮವು, ಆದರೆ ಅವುಗಳಲ್ಲಿ ಓಡುವ ದಾರ ನಮ್ಮದಲ್ಲ. ಸೀರೆ ವ್ಯಾಪಾರದ ಸಾಹುಕಾರರು ದಾರ ಕೊಡುತ್ತಿದ್ದರು, ನಾವು ನೇಯ್ದು ಕೂಲಿ ತೆಗೆದುಕೊಳ್ಳುತ್ತಿದ್ದೆವು. ಕೂಲಿಗೆ ಮೊದಲೇ ಅಡ್ವಾನ್ಸು ಎಂಬ ದೊಡ್ಡ ಮೊತ್ತ ನಾಲ್ಕು ಮಗ್ಗಗಳ ಮೇಲೂ ಒಟ್ಟಾಗಿ ಕೂತಿರುತ್ತಿತ್ತು. ಅದು ತೀರುವವರೆಗೆ ಬೇರೆಯವರಿಗೆ ನೇಯುವಂತಿಲ್ಲ, ಅವರು ಹೇಳಿದ್ದೇ ಕೂಲಿ. ಅಪ್ಪನಿಗೆ ಇದು ಸಾಕಾದಾಗಲೆಲ್ಲ ಇನ್ನೊಬ್ಬ ಸಾಹುಕಾರರನ್ನು ಹುಡುಕುತ್ತಿದ್ದ. ಅವರು ಹಳೆಯ ಅಡ್ವಾನ್ಸನ್ನು ತೀರಿಸಿ, ಮೇಲೆ ಇನ್ನಷ್ಟು ಕೊಟ್ಟು, ಮಗ್ಗಗಳನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಆ ದಿನ ಅಪ್ಪ ಮೈಸೂರು ಪಾಕು ತಂದು ಬೀದಿಗೆಲ್ಲ ಹಂಚುತ್ತಿದ್ದ, ಸಾಲ ತೀರಿತು ಎಂದು! ಸೋದರತ್ತೆ ನಂಜಮ್ಮ ಮಾತ್ರ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. "ಲೋ ರಂಗ, ಹಗ್ಗ ಬದಲಾಯ್ತು, ಗೂಟ ಅಲ್ಲೇ ಐತೆ. ಇದಕ್ಯಾಕೋ ಸಿಹಿ?" ಎನ್ನುತ್ತಿದ್ದಳು. ಇವತ್ತು ಒಂದು ಬ್ಯಾಂಕಿನ ಸಾಲ ತೀರಿಸಲು ಇನ್ನೊಂದು ಬ್ಯಾಂಕಿಗೆ ಹೋಗುವವರನ್ನು ಕಂಡಾಗಲೆಲ್ಲ ನನಗೆ ಆ ಮೈಸೂರು ಪಾಕು ನೆನಪಾಗುತ್ತದೆ.

ಅತ್ತೆ ಅಪ್ಪನಿಗಿಂತ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ನಮ್ಮಲ್ಲೇ ಉಳಿದಳು. ಅವಳ ಕಸುಬು ಕೆಚ್ಚುವುದು. ಮಗ್ಗದ ಉದ್ದಕ್ಕೆ ಎಳೆದ ದಾರಗಳಿಗೆ ಹಾಸು ಎನ್ನುತ್ತಾರೆ. ಒಂದು ಹಾಸು ಮುಗಿಯುತ್ತ ಬಂದಾಗ, ಅದರ ತುದಿಯ ಸಾವಿರಾರು ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಅತ್ತೆ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರೆ, ನೋಡುವವರ ಕಣ್ಣಿಗೆ ಬೆರಳು ಆಡಿದ್ದೇ ಕಾಣುತ್ತಿರಲಿಲ್ಲ. ಬೇರೆ ಮನೆಗಳಿಗೂ ಹೋಗಿ ಕೆಚ್ಚಿ ಬರುತ್ತಿದ್ದಳು. ಕೂಲಿಯ ಮಾತು ಮೊದಲೇ ಆಗಬೇಕು. ಅದಾಗದೆ ಬೂದಿ ಮುಟ್ಟುತ್ತಿರಲಿಲ್ಲ.

ಸಾಲ ತೀರಿಸುವ ಕೆಲಸವನ್ನು ಅವಳೇ ಕೈಗೆ ತೆಗೆದುಕೊಂಡಳು. ಹಬ್ಬಕ್ಕೆಂದು ಸಾಹುಕಾರರ ಹತ್ತಿರ ಕೈ ಚಾಚುವುದನ್ನು ನಿಲ್ಲಿಸಿದಳು. ಒಂದು ಗೌರಿ ಹಬ್ಬಕ್ಕೆ ನಮಗ್ಯಾರಿಗೂ ಹೊಸ ಬಟ್ಟೆಯಿಲ್ಲ. ಸೀರೆ ನೇಯುವ ಮನೆಯಲ್ಲಿ ಹಳೆಯ ಸೀರೆ ಉಟ್ಟು ಬಾಗಿನ ಕೊಟ್ಟದ್ದಕ್ಕೆ ಚಿಕ್ಕಮ್ಮ ಅತ್ತಳು. ಅಮ್ಮ, ಚಿಕ್ಕಮ್ಮ ಪಕ್ಕದ ಮನೆಗಳಿಗೂ ದಾರ ಸುತ್ತಿಕೊಟ್ಟರು. ಅತ್ತೆ ತನ್ನ ಕೆಚ್ಚಿನ ಕೂಲಿಯನ್ನು ಅದಕ್ಕೆ ಸೇರಿಸಿದಳು. ಕೆಲವು ವರ್ಷಗಳ ಮೇಲೆ ಒಂದು ಬೆಳಗ್ಗೆ ಪೂರ್ತಿ ಹಣವನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು, ನನ್ನ ಕೈ ಹಿಡಿದುಕೊಂಡು ಸಾಹುಕಾರರ ಮಂಡಿಗೆ ಹೋದಳು. ಅವರು ಗಂಟಿನ ಕಡೆ ನೋಡಲೇ ಇಲ್ಲ. "ಅವಸರ ಏನಮ್ಮಾ? ನಾವೇನು ಕೇಳಿದ್ವಾ? ಮನೇಲಿ ಹೆಣ್ಣು ಮಗು ಇದೆ, ಅದರ ಮದ್ವೆಗೆ ಇಟ್ಕೊಳ್ಳಿ. ಅದೂ ಅಲ್ದೆ ನಿಮ್ ಮಗ್ಗದ ಮೇಲೆ ನಮ್ಮ ಹಾಸು ಇದೆಯಲ್ಲ, ಅದು ಮುಗೀಲಿ, ಆಮೇಲೆ ನೋಡೋಣ" ಎಂದು ಕಾಫಿ ತರಿಸಿದರು. ನೀವೂ ನೆನಪಿಡಿ: ಹಣ ವಾಪಸು ಕೊಡಲು ಹೋದಾಗ 'ಅವಸರವಿಲ್ಲ' ಎನ್ನುವವನಿಗೆ ನಿಮ್ಮ ಹಣ ಬೇಡ, ನೀವೇ ಬೇಕು.

ಅವರು ಹೇಳಿದ ಹಾಸು ಮುಗಿಯುವುದೆಂಬುದೇ ಇರಲಿಲ್ಲ. ಒಂದು ಮಗ್ಗದ್ದು ತೀರುವ ಮುಂಚೆಯೇ ಅವರ ಗುಮಾಸ್ತ ಹೊಸ ಹಾಸನ್ನು ಸೈಕಲ್ಲಿನ ಮೇಲೆ ತಂದು ಇಳಿಸುತ್ತಿದ್ದ, ಅತ್ತೆಯೇ ಅದನ್ನು ಕೆಚ್ಚುತ್ತಿದ್ದಳು. ಸಾಹುಕಾರರ ಕೊನೆಯಿಲ್ಲದ ದಾರವನ್ನು ಇಷ್ಟು ವರ್ಷ ತನ್ನ ಕೈಯೇ ಮುಂದುವರಿಸುತ್ತಿತ್ತೆಂದು ಅವಳಿಗೆ ಆ ಕಾಫಿ ಕುಡಿಯುವಾಗ ಹೊಳೆದಿರಬೇಕು. ಮುಂದಿನ ವಾರ ಗುಮಾಸ್ತ ಬಂದಾಗ ಅವಳು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

"ನಂಜಮ್ಮಾ, ಹಾಸು ತಂದಿದೀನಿ. ಕೆಚ್ಚೋಕೆ ಕೂತ್ಕೊಳ್ಳಲ್ವಾ?"

"ಕೂರಲ್ಲ ಕಣಪ್ಪ. ಬೆರಳು ನೋಯ್ತವೆ."

"ಸೊಪ್ಪು ಬಿಡಿಸೋಕೆ ನೋಯಲ್ವಾ?"

"ಸೊಪ್ಪು ನಮ್ಮದು."

ಗುಮಾಸ್ತ ಅಪ್ಪನ ಮುಖ ನೋಡಿದ. ಅಪ್ಪ ಬಾಗಿಲಲ್ಲಿ ನಿಂತು, ಒಳಗಿನ ಮಗ್ಗದ ಸದ್ದಿನ ಮೇಲೆ ಕೂಗಿ, "ಅಕ್ಕಾ, ಮಗ್ಗ ಬರಿದು ಬಿಡಬಾರ್ದು. ಮನೆಗೆ ಒಳ್ಳೇದಲ್ಲ. ಹಿರಿಯರು ಯಾವತ್ತೂ ಬಿಟ್ಟಿಲ್ಲ" ಎಂದ. ಅತ್ತೆಯೂ ಕೂಗಿದಳು. "ಹಿರಿಯರು ಬಿಡದೇ ಇದ್ದಿದ್ದಕ್ಕೇ ಹಿಂಗಿದೀವಿ. ನಿಂಗೆ ಬೇಕಿದ್ರೆ ನೀನೇ ಕೆಚ್ಕೋ." ಅಪ್ಪನಿಗೆ ನೇಯಲು ಬರುತ್ತಿತ್ತು, ಕೆಚ್ಚಲು ಬರುತ್ತಿರಲಿಲ್ಲ. ಗುಮಾಸ್ತ ಹಾಸನ್ನು ಮತ್ತೆ ಸೈಕಲ್ಲಿಗೆ ಕಟ್ಟಿಕೊಂಡ.

ಆಮೇಲಿನ ದಿನಗಳು ಹೆದರಿಕೆಯವು. ಸಾಹುಕಾರರ ಮಾತಿಗೆ ಅಂಜಿ ಬೇರೆ ಮನೆಗಳವರು ಅತ್ತೆಯನ್ನು ಕೆಲಸಕ್ಕೆ ಕರೆಯುವುದು ಬಿಟ್ಟರು. ಸೆರಗಿನ ಗಂಟನ್ನು ಮುಟ್ಟುವಂತಿರಲಿಲ್ಲ, ದಿನವೂ ಮುದ್ದೆ, ನೀರು ಸಾರು. ಒಂದು ಮಗ್ಗ ನಿಂತಿತು. ಸದ್ದಿನಲ್ಲಿ ಒಂದು ಹಲ್ಲು ಬಿದ್ದಂತೆ ಕೇಳಿಸಿತು. ಎರಡನೆಯದು, ಮೂರನೆಯದು. ನಿದ್ದೆಯಲ್ಲಿ ನಾನು ಹೊರಳಾಡುತ್ತಿದ್ದೆ. ನಾಲ್ಕನೆಯದನ್ನು ಚಿಕ್ಕಪ್ಪ ಓಡಿಸುತ್ತಿದ್ದ. ಕೊನೆಯ ಸೀರೆಯನ್ನು ಬೇಕೆಂದೇ ನಿಧಾನವಾಗಿ ನೇಯುತ್ತಿದ್ದಾನೆಂದು ಅಮ್ಮ ಪಿಸುಗುಟ್ಟಿದಳು. ಆ ಮಗ್ಗವೂ ನಿಂತ ದಿನ ಅತ್ತೆ ನಾಲ್ಕೂ ಮಗ್ಗಗಳ ಹಾಸಿನ ತುದಿಯನ್ನು ಕತ್ತರಿಸಿ ಸುತ್ತಿಕೊಂಡು, ಸೀರೆ ಹಾಗೂ ಹಣದ ಜೊತೆ ಮಂಡಿಯ ಮೇಜಿನ ಮೇಲಿಟ್ಟಳು. "ನಿಮ್ಮ ದಾರಾನೂ ಇಲ್ಲೇ ಐತೆ ಸ್ವಾಮಿ. ಎಳೆ ಕೂಡ ಇಟ್ಕೊಂಡಿಲ್ಲ." ಸಾಹುಕಾರರು ಈ ಸಲ ಹಣ ಎಣಿಸಿದರು. ಕಾಫಿ ತರಿಸಲಿಲ್ಲ.

ಆ ಮಧ್ಯಾಹ್ನ ಅಮ್ಮ, ಚಿಕ್ಕಮ್ಮ ಒಬ್ಬಟ್ಟು ಬೇಯಿಸಿದರು. ಎಲೆ ಹಾಕಿದ್ದು ನಡುಮನೆಯಲ್ಲಿ, ಬರಿ ಮಗ್ಗಗಳ ನಡುವಿನ ಓಣಿಯಂಥ ಜಾಗದಲ್ಲಿ. ಓಡಿಸಲು ಮಗ್ಗವಿಲ್ಲದ್ದರಿಂದ ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಅಪ್ಪನ ಪಕ್ಕದಲ್ಲಿ ಚಿಕ್ಕಪ್ಪ ಕೂತು ಉಣ್ಣುವುದನ್ನು ನಾನು ನೋಡಿದ್ದು ಅದೇ ಮೊದಲು. ಎಂಥ ಮೌನ! ಚಿಕ್ಕಮ್ಮನ ಬಳೆಯ ಸದ್ದು ಇಷ್ಟು ಚೆನ್ನಾಗಿದೆಯೆಂದು, ಅಪ್ಪ ಸಾರು ಸೊರ್ರೆಂದು ಎಳೆಯುತ್ತಾನೆಂದು, ತೊಲೆಯ ಸಂದಿನಲ್ಲಿ ಗುಬ್ಬಚ್ಚಿಗಳು ಸಂಸಾರ ಹೂಡಿವೆಯೆಂದು ಅವತ್ತು ಗೊತ್ತಾಯಿತು. ಕೂಗಿ ಅಭ್ಯಾಸವಾದ ಗಂಟಲುಗಳಿಗೆ ಮೆಲ್ಲಗೆ ಮಾತಾಡಲು ನಾಚಿಕೆ. ಅಪ್ಪ "ಇನ್ನೊಂದ್ ಒಬ್ಬಟ್ಟು" ಎಂದು ಅರಚಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆ ನಗುವಿನ ಕೊನೆಯಲ್ಲೇ ಚಿಕ್ಕಪ್ಪ, ಎಲೆಯ ಕಡೆ ನೋಡುತ್ತ, ಹಗುರವಾಗಿ, "ಇನ್ಮೇಲೆ ಎರಡು ಮಗ್ಗ ಅಣ್ಣಂದು, ಎರಡು ನಂದು ಅಂತ ಇಟ್ಕೊಂಡ್ರೆ ಲೆಕ್ಕ ಸಲೀಸು" ಎಂದ. ಬೇರೆ ದಿನವಾಗಿದ್ದರೆ ಆ ಮಾತು ಮಗ್ಗದ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಅವತ್ತು ಎಲ್ಲರಿಗೂ ಕೇಳಿಸಿತು. ಅಪ್ಪ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದ. ಚಿಕ್ಕಪ್ಪ ಕೈ ತೊಳೆಯಲು ಎದ್ದ. "ಕೂತ್ಕೊಳ್ಳೋ ಸೀನ, ಮಜ್ಜಿಗೆ ಇನ್ನೂ ಬಂದಿಲ್ಲ" ಎಂದಳು ಅತ್ತೆ. ಅಷ್ಟರಲ್ಲಿ ಅವನು ಹಿತ್ತಲ ಬಾಗಿಲು ದಾಟಿದ್ದ.

ಕೊನೆಯ ಸೀರೆಗಳ ಕೂಲಿಯಿಂದ ಕೊಂಡ ನಮ್ಮ ಸ್ವಂತದ ಹಾಸು ಮೊದಲು ಒಂದೇ ಮಗ್ಗದ ಮೇಲೆ ಏರಿತು. ಅತ್ತೆ ಸೀರೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ನನ್ನನ್ನೂ ರೈಲು ಹತ್ತಿಸಿಕೊಂಡು ಬೆಂಗಳೂರಿನ ಚಿಕ್ಕಪೇಟೆಗೆ ಹೋಗುತ್ತಿದ್ದಳು. ಅಂಗಡಿಯವರು ಅರ್ಧ ಬೆಲೆಗೆ ಕೇಳಿದರೆ ಅವಳು ತನ್ನ ಬೆಲೆ ಒಂದು ಸಲ ಹೇಳಿ, ಬಾಯಿ ಮುಚ್ಚಿಕೊಂಡು, ಸೀರೆಯ ಮೇಲಿನ ನೂಲಿನ ಚೂರು ತೆಗೆಯುತ್ತ ಕೂರುತ್ತಿದ್ದಳು. "ಬೆಲೆ ಹೇಳಿದ್ ಮೇಲೆ ಮೊದ್ಲು ಮಾತಾಡಿದೋರು ಸೋತ್ರು ಕಣೇ" ಎಂದು ವಾಪಸು ಬರುವಾಗ ನನಗೆ ಹೇಳಿಕೊಟ್ಟಳು. ನಾನು ಓದಿದ ಯಾವ ಪಾಠವೂ ಇಷ್ಟು ದುಡಿದುಕೊಟ್ಟಿಲ್ಲ. ವರ್ಷ ತಿರುಗುವಷ್ಟರಲ್ಲಿ ನಾಲ್ಕೂ ಮಗ್ಗಗಳಲ್ಲಿ ನಮ್ಮದೇ ದಾರ ಓಡಿತು. ಆಗ ಚಿಕ್ಕಪ್ಪ ಹಗುರವಾಗಿ ಅಂದದ್ದನ್ನು ಗಟ್ಟಿಯಾಗಿ ಕೇಳಿದ.

ತಪ್ಪು ಯಾರದೂ ಅಲ್ಲ. ಬುದ್ಧಿಯಿರುವ ಯಾರೇ ಆದರೂ ಕೇಳುತ್ತಿದ್ದರು, ನಾನಾಗಿದ್ದರೂ ಕೇಳುತ್ತಿದ್ದೆ. ಅಡ್ವಾನ್ಸು ನಾಲ್ಕು ಮಗ್ಗಗಳ ಮೇಲೂ ಒಟ್ಟಾಗಿ ಇದ್ದಷ್ಟು ಕಾಲ ಮನೆ ಒಡೆಯುವ ದಾರಿಯೇ ಇರಲಿಲ್ಲ. ಪಾಲು ಹಾಕಲು ಏನಾದರೂ ನಮ್ಮದೆಂದು ಇರಬೇಕಲ್ಲ. ಎರಡು ಮಗ್ಗಗಳನ್ನು ಬೋಲ್ಟು ಬಿಚ್ಚಿ ಟೆಂಪೋಗೆ ಏರಿಸಿದ ದಿನ ಚಿಕ್ಕಪ್ಪ, "ಅಕ್ಕಾ, ನೀನು ನಮ್ಮನೆಗೆ ಬಾ" ಎಂದ. ಅಪ್ಪ, "ಇಲ್ಲೇ ಇರಲಿ ಬಿಡು" ಎಂದ. ಅತ್ತೆ ಇಬ್ಬರ ಮುಖವನ್ನೂ ನೋಡಿ, "ಸಾಲ ಇದ್ದಾಗ ನಾನು ಯಾರ ಮನೇಲಿದೀನಿ ಅಂತ ಯಾರೂ ಕೇಳ್ಕೊಂಡಿರ್ಲಿಲ್ಲ ಅಲ್ವೇನ್ರೋ" ಎಂದಳು. ಆಮೇಲೆ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು, ಕೆಚ್ಚುತ್ತ, ಯಾರಿಗೂ ಕೊಡಬೇಕಾದದ್ದೇನೂ ಇಲ್ಲದೆ ಬದುಕಿ, ಹಾಗೆಯೇ ಹೋದಳು. ಹಬ್ಬಕ್ಕೆ ಎರಡೂ ಮನೆಗಳಿಂದ ಬುತ್ತಿ ಹೋಗುತ್ತಿತ್ತು. ಅಪ್ಪ, ಚಿಕ್ಕಪ್ಪ ಎದುರಾದರೆ ಮಾತಾಡುತ್ತಿದ್ದರು, ವ್ಯಾಪಾರದವರು ಮಾತಾಡುವಷ್ಟು.

ಈಗ ಆ ಮನೆಯ ಜಾಗದಲ್ಲಿ ಮೂರಂತಸ್ತಿನ ಕಟ್ಟಡವಿದೆ, ಕೆಳಗೆ ಮೊಬೈಲ್ ಅಂಗಡಿ. ನನ್ನ ಸೀರೆ ಅಂಗಡಿ ಸ್ವಂತದ್ದು, ಒಂದು ರೂಪಾಯಿ ಸಾಲವಿಲ್ಲ. ಬೀದಿಯ ಹೆಂಗಸರು ಚೀಟಿ, ಚಿನ್ನದ ಸಾಲ, ಸಂಘದ ಕಂತು ಎಂದು ತಲೆ ಕೆಡಿಸಿಕೊಂಡು ಬಂದರೆ ಕೂರಿಸಿ ದಾರಿ ಹೇಳುತ್ತೇನೆ. ಎಲ್ಲಕ್ಕಿಂತ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿ, ಹಬ್ಬಕ್ಕೆ ಸಾಲ ಮಾಡಬೇಡಿ, ಕೈಯಲ್ಲಿ ಒಂದು ಕಸುಬಿರಲಿ. ಅವರಲ್ಲಿ ಕೆಲವರು ಗೆಲ್ಲುತ್ತಾರೆ, ಸಿಹಿಯ ಡಬ್ಬಿ ಹಿಡಿದು ಓಡಿ ಬರುತ್ತಾರೆ. ಸಾಲದಿಂದ ಹೊರಬರಬೇಕು, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ, ನಾಳೆ ಮತ್ತೆ ಆ ಮಂಡಿಗೆ ಹೋಗಬೇಕಾಗಿ ಬಂದರೆ ಅತ್ತೆಯ ಹಿಂದೆ ಮತ್ತೆ ಹೋಗುತ್ತೇನೆ. ಆದರೂ ಡಬ್ಬಿ ತಂದವರಿಗೆ ಕೊನೆಗೆ ಒಂದು ಮಾತು ಹೇಳಿ ಕಳಿಸುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಸಾಲ ತೀರಿದ ದಿನ ಮನೆಯವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ. ಬೇಡವೆಂದರೂ ಇನ್ನೊಂದು ಒಬ್ಬಟ್ಟು ಬಡಿಸಿ. ಅನ್ನ ಸ್ವಲ್ಪ ಹೆಚ್ಚೇ ಹಾಕಿ, ಮಾತು ಎಳೆಯಿರಿ. ಮಜ್ಜಿಗೆ ತರುವುದನ್ನು ಎಷ್ಟು ಸಾಧ್ಯವೋ ಅಷ್ಟು ತಡಮಾಡಿ.