ಪ್ರಶ್ನೆಪತ್ರಿಕೆಯ ಜೊತೆ ಬರುತ್ತಿದ್ದ ಸಾಲುಗಳು

ನಾನು ಕೊಳ್ಳೇಗಾಲದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮನೆ ಹನೂರಿನಲ್ಲಿ. ಬೆಳಗ್ಗೆ ಬಸ್ಸು ಹತ್ತಿದರೆ ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟು, ಯಾರಾದರೂ ಕೇಳಿದರೆ "ಬರ್ತಾರೆ" ಅನ್ನುವುದು ನನಗೆ ಬಹಳ ವರ್ಷ ಅಭ್ಯಾಸವಾಗಿತ್ತು. ಕಾಮಗೆರೆಯಲ್ಲಿ ಅವಳು ಹತ್ತುತ್ತಿದ್ದಳು. ನಮ್ಮ ಶಾಲೆಯವಳೇ, ನನ್ನ ವಿಷಯವನ್ನೇ ಹೇಳಿಕೊಡುವವಳು, ನನಗಿಂತ ಸುಮಾರು ಚಿಕ್ಕವಳು. ಬ್ಯಾಗನ್ನು ಎತ್ತಿ ನನ್ನ ತೊಡೆ ಮೇಲಿಟ್ಟು, "ಉಸ್ಸಪ್ಪಾ, ಓಡ್ಬಂದೆ ಅಕ್ಕ" ಅಂತ ಕೂರುವಳು. ಬಸ್ಸು ಕೊಳ್ಳೇಗಾಲ ಮುಟ್ಟುವವರೆಗೂ ಮಾತು. ಏನು ಮಾತಾಡುತ್ತಿದ್ದೆವು ಅಂದರೆ ಈಗ ಹೇಳಲು ಬರುವುದಿಲ್ಲ. ಅವಳು ಕಿಟಕಿಯಾಚೆ ಕಂಡದ್ದನ್ನೆಲ್ಲ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ.

ಅವಳಿಗೆ ಹೊನ್ನೂರಿನ ಕಡೆ ಮದುವೆಯಾಯಿತು. ನಮ್ಮ ಆಡಳಿತ ಮಂಡಳಿಯದೇ ಇನ್ನೊಂದು ಶಾಲೆ ಯಳಂದೂರಿನಲ್ಲಿತ್ತು. ಕೇಳಿಕೊಂಡು ಅಲ್ಲಿಗೆ ಹಾಕಿಸಿಕೊಂಡಳು. ಯಳಂದೂರು ದೂರವೇನಲ್ಲ. ಆದರೆ ಸಂಜೆ ಬೆಲ್ಲು ಹೊಡೆದರೆ ನನ್ನ ಬಸ್ಸು ಹನೂರಿನ ಕಡೆ, ಅವಳ ಆಟೊ ಹೊನ್ನೂರಿನ ಕಡೆ. ಇಬ್ಬರಿಗೂ ಮನೆಯಲ್ಲಿ ಒಲೆ ಕಾಯುತ್ತಿತ್ತು.

ಮತ್ತೆ ನಮ್ಮನ್ನು ಸೇರಿಸಿದ್ದು ಶಾಲೆಯ ಇಮೇಲು. ಮಂಡಳಿಯವರು ಎಲ್ಲ ಟೀಚರುಗಳಿಗೂ ಒಂದೊಂದು ಮೇಲ್ ಐಡಿ ಮಾಡಿಕೊಟ್ಟರು. ಎರಡೂ ಶಾಲೆಯ ಕಿರುಪರೀಕ್ಷೆಗೆ ಒಂದೇ ಪ್ರಶ್ನೆಪತ್ರಿಕೆ ಇರಬೇಕು, ಆಯಾ ವಿಷಯದವರು ಮೇಲ್‌ನಲ್ಲೇ ಕೂಡಿ ತಯಾರು ಮಾಡಬೇಕು ಅಂತ ಹೇಳಿದರು. ಮೊದಲನೇ ಸಲ ಅವಳು ಪ್ರಶ್ನೆಗಳನ್ನು ಕಳಿಸಿದಾಗ ಕೆಳಗೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದಳು. "ಅಕ್ಕ, ನೆಲ್ಲು ಆಲ್ಗಟ್ಟದೆ. ಒಂದ್ ಕಾಳ ಇಸುಕ್ದೆ, ಬೆರಳೆಲ್ಲ ಆಲು. ಯಾರ್ಗಾರ ಯೇಳ್ಬೇಕು ಅನ್ನಿಸ್ತು."

ಅವಳು ಮಾತಾಡಿದ ಹಾಗೇ ಬರೆಯುತ್ತಿದ್ದಳು, 'ಹ' ಬಿಟ್ಟು. ಓದಿದರೆ ಅವಳ ದನಿಯೇ ಕೇಳಿಸುತ್ತಿತ್ತು. ಕಂಪ್ಯೂಟರ್ ರೂಮಿನಲ್ಲಿ ಕೂತು ಒಬ್ಬಳೇ ನಕ್ಕೆ.

ಫೋನಿನಲ್ಲಿ ಯಾಕೆ ಮಾತಾಡಲಿಲ್ಲ ಅಂತ ಕೇಳಬಹುದು. ಅವಳ ಫೋನು ಹೆಸರಿಗಷ್ಟೇ ಅವಳದು. ಮನೆಗೆ ಹೋದರೆ ಮಕ್ಕಳ ಕೈಯಲ್ಲಿ, ಅತ್ತೆಯ ಕಿವಿಯಲ್ಲಿ, ಗಂಡನ ಜೇಬಿನಲ್ಲಿ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆ ತುಂಬಿದ ಮನೆಯಲ್ಲಿ ಯಾವ ವಸ್ತುವೂ ಒಬ್ಬರದಾಗಿರಲಿಲ್ಲ, ಅಷ್ಟೆ. ಶಾಲೆಯ ಮೇಲ್ ಮಾತ್ರ ಅವಳೊಬ್ಬಳದು. "ಇದ್ರ ಪಾಸ್‌ವರ್ಡು ನಂಗೊಬ್ಳಿಗೇ ಗೊತ್ತಿರದು ಅಕ್ಕ" ಅಂತ ಒಮ್ಮೆ ಬರೆದಿದ್ದಳು. ಅದರಲ್ಲಿ ಒಡವೆ ಸಿಕ್ಕಿದಂಥ ಖುಷಿಯಿತ್ತು.

ಹಾಗೆ ಒಂದೆರಡು ವರ್ಷ ನಡೆಯಿತು. ಮೌರ್ಯರ ಆಡಳಿತದ ಮೇಲೆ ಪ್ರಶ್ನೆ, ಅದರ ಕೆಳಗೆ ಎರಡು ಸಾಲು. ಮಣ್ಣಿನ ವಿಧಗಳು, ಕೆಳಗೆ ಎರಡು ಸಾಲು. ಆಲೆಮನೆಯ ವಾಸನೆ ಸೆರಗಿಗೆ ಅಂಟಿಕೊಂಡು ಕ್ಲಾಸಿನವರೆಗೂ ಬಂದದ್ದು. ಮುದ್ದೆಗೆ ಅವಳು ಮಾಡಿದ ಉಪ್ಪೆಸರು ಚೆನ್ನಾಗಿದೆ ಅಂತ ಅತ್ತೆ ಮೊದಲ ಸಲ ಅಂದದ್ದು. ನಾನೂ ಬರೆಯುತ್ತಿದ್ದೆ, ಆದರೆ ನನಗೆ ಅವಳಷ್ಟು ಕಾಣುತ್ತಿರಲಿಲ್ಲ. ಅವಳಿಗೆ ಬರೆಯಬೇಕು ಅಂತಲೇ ಬಸ್ಸಿನಲ್ಲಿ ಕಿಟಕಿಯಾಚೆ ನೋಡುವುದನ್ನು ಕಲಿತೆ.

ಈ ನಡುವೆ ಮಂಡಳಿಯಿಂದ ಒಂದು ಸುತ್ತೋಲೆ ಬಂತು. ಶಾಲೆಯ ಕಂಪ್ಯೂಟರು, ಶಾಲೆಯ ಮೇಲ್ ಎಲ್ಲವೂ ಸಂಸ್ಥೆಯ ಸ್ವತ್ತು, ಅದರಲ್ಲಿ ನಡೆಯುವುದನ್ನು ಗಮನಿಸಲಾಗುವುದು ಅಂತ. ಎಲ್ಲರೂ ಸಹಿ ಹಾಕಿದೆವು. ಸ್ಟಾಫ್ ರೂಮಿನಲ್ಲಿ ಕ್ಯಾಮೆರಾ ಬಂದಾಗ ಎರಡು ದಿನ ಸೆರಗು ಸರಿಮಾಡಿಕೊಂಡು ಕೂತು ಆಮೇಲೆ ಮರೆತಿದ್ದೆವಲ್ಲ, ಇದನ್ನೂ ಹಾಗೇ ಮರೆತೆವು. ನಮ್ಮ ಉಪ್ಪೆಸರಿನ ಸುದ್ದಿಯನ್ನು ಯಾರು ಓದುತ್ತಾರೆ?

ಒಂದು ಮಧ್ಯಾಹ್ನ ಹೆಡ್‌ಮಾಸ್ಟರು ಕರೆಸಿದರು. ಮೇಜಿನ ಮೇಲೆ ಒಂದು ಪ್ರಿಂಟು. ಅವರು ನನ್ನ ಮುಖ ನೋಡಲಿಲ್ಲ.

"ಕೂತ್ಕೊಳ್ಳಿ ಮೇಡಂ. ಇದು ಮಂಡಳಿ ಆಫೀಸಿಂದ ಬಂದದ್ದು. ನಾನಾಗಿ ಹುಡುಕಿ ಓದಿದ್ದಲ್ಲ."

ಅವಳ ಮೇಲ್. ಒಂದು ಸಾಲಿಗೆ ಹಳದಿ ಬಣ್ಣ ಬಳಿದಿತ್ತು. "ಅಕ್ಕ, ಒಂದಿನ ಇದೆಲ್ಲ ಬುಟ್ಬುಟ್ಟು ನಾವೂ ಓಗ್ಬುಡನ."

"ನೀವಿಬ್ರೂ ಸೇರ್ಕೊಂಡು ಬೇರೆ ಸ್ಕೂಲಿಗೆ ಹೋಗೋ ಪ್ಲಾನ್ ಮಾಡಿದೀರಿ ಅಂತ ಅವರು ತಿಳ್ಕೊಂಡಿದಾರೆ" ಅಂದರು.

ನನಗೆ ನಗು ಬಂತು. ಹಾಳೆಯನ್ನು ಅವರ ಕಡೆ ತಿರುಗಿಸಿ ಹಳದಿಗಿಂತ ಮೇಲಿನ ಸಾಲು ತೋರಿಸಿದೆ. ಅದಕ್ಕೆ ಯಾರೂ ಬಣ್ಣ ಬಳಿದಿರಲಿಲ್ಲ. "ಗದ್ದೆ ಬದೀಲಿ ಬರ್ತಿದ್ದೆ, ಬೆಳ್ಳಕ್ಕಿ ಎಲ್ಲಾ ಒಂದೇ ಸಲ ಎದ್ದೋದ್ವು. ಎಲ್ಲಿಗೋದ್ವೋ."

"ಸರ್, ಇದು ಬೆಳ್ಳಕ್ಕಿ ವಿಷಯ."

ಅವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ನಂಗೆ ಅರ್ಥ ಆಗುತ್ತೆ ಮೇಡಂ. ಅವರಿಗೆ ಆಗಲ್ಲ. ಅದನ್ನೇ ಬರ್ದು ಕೊಟ್ಬಿಡಿ, ಮುಗೀಲಿ."

ಬರೆದು ಕೊಟ್ಟೆ. ಸದರಿ ವಾಕ್ಯವು ಹಕ್ಕಿಗಳನ್ನು ಕುರಿತದ್ದು, ಕೆಲಸ ಬಿಡುವ ಉದ್ದೇಶ ನಮಗಿಲ್ಲ ಅಂತ. ಬರೆಯುತ್ತಾ ನಗುವೆಲ್ಲ ಇಂಗಿಹೋಯಿತು. ಎದ್ದು ಬರುವಾಗ ಆ ಪ್ರಿಂಟನ್ನು ಕೇಳಿದೆ. "ಅದು ಫೈಲಿಗೆ ಹೋಗ್ಬೇಕು" ಅಂದರು.

ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಅವಳ ಮಟ್ಟಿಗೆ ಮುಗಿಯಲಿಲ್ಲ. ಯಳಂದೂರಿನ ಶಾಲೆಯವರು ಅವಳನ್ನು ಕರೆದು ಕೇಳುವ ಮೊದಲೇ ಮನೆಯ ನಂಬರಿಗೆ ಫೋನ್ ಮಾಡಿದ್ದರು. ಎತ್ತಿದ್ದು ಗಂಡ. ನಿಮ್ಮ ಮನೆಯವರು ಎಲ್ಲ ಬಿಟ್ಟು ಹೋಗ್ತೀನಿ ಅಂತ ಬರೆದಿದಾರೆ, ಏನು ಸಮಾಚಾರ ಅಂತ ಕೇಳಿದರಂತೆ.

ಇದು ನನಗೆ ಗೊತ್ತಾದದ್ದು ತಡವಾಗಿ. ಮೊದಲು ಗೊತ್ತಾದದ್ದು ಅವಳ ಮೇಲ್‌ನ ಧಾಟಿ ಬದಲಾದದ್ದು. ಮುಂದಿನ ಪರೀಕ್ಷೆಗೆ ಬಂದದ್ದರಲ್ಲಿ 'ಡಿಯರ್ ಮೇಡಂ, ಪ್ಲೀಸ್ ಫೈಂಡ್ ಅಟ್ಯಾಚ್ಡ್' ಅಂತ ಇಂಗ್ಲಿಷಿನಲ್ಲಿತ್ತು. ನನ್ನನ್ನು ಅವಳು ಯಾವತ್ತೂ ಮೇಡಂ ಅಂದವಳಲ್ಲ. ಕೆಳಗೆ ಏನಾದರೂ ಇರಬಹುದು ಅಂತ ಸರಿಸಿ ನೋಡಿದೆ. ಪರದೆ ಬೆಳ್ಳಗಿತ್ತು.

ಒಂದು ಶನಿವಾರ ಅರ್ಧ ದಿನದ ಶಾಲೆಯಿಂದ ಕೇಳಿಕೊಂಡು ಬೇಗ ಹೊರಟು, ಹನೂರಿನ ಬಸ್ಸು ಬಿಟ್ಟು ಯಳಂದೂರಿನ ಬಸ್ಸು ಹತ್ತಿದೆ. ಅವರ ಶಾಲೆಯ ಗೇಟಿನ ಹತ್ತಿರ ನಿಂತೆ. ನನ್ನನ್ನು ಕಂಡು ಅವಳು ಗಾಬರಿಯಾದಳು. ಆಮೇಲೆ ಕೈ ಹಿಡಿದುಕೊಂಡಳು. ಬಸ್ ಸ್ಟಾಂಡಿನ ಪಕ್ಕ ಎಳನೀರು ಕುಡಿಯುತ್ತಾ ನಿಂತಾಗ ಎಲ್ಲ ಹೇಳಿದಳು.

"ಮನೇಲಿ ಬೈದ್ರಾ?" ಅಂದೆ.

"ಬೈದಿದ್ರೆ ಬೈದ್ರು ಅನ್ಕಬೋದಿತ್ತು ಅಕ್ಕ. ಅವ್ರು ನಗ್ತಾರೆ. ಊಟಕ್ ಕುಂತ್ರೆ, 'ಏನಮ್ಮ, ಎಲ್ಲಾ ಬುಟ್ಟು ಯಾವಾಗ ಓಯ್ತೀಯಾ?' ಅಂತಾರೆ. ಮನೆಯೋರೆಲ್ಲ ನಗ್ತಾರೆ. ನಾನೂ ನಗ್ತೀನಿ."

"ಹಕ್ಕಿ ವಿಷಯ ಅಂತ ಹೇಳ್ಬೇಕಿತ್ತು."

"ಎಂಗೇಳದು? ಬೆಳ್ಳಕ್ಕಿ ಕಂಡ್ಮೇಲೆ ನಂಗೂ ಓಗ್ಬೇಕು ಅನ್ಸಿದ್ದು ನಿಜಾನೇ ಅಲ್ವಾ? ಅವತ್ತೊಂದ್ ಗಳಿಗೆ ಅನ್ನಿಸ್ತು, ನಿನ್ಗೆ ಬರ್ದೆ, ಮುಗೀತು. ಈಗ ಅದು ಎಲ್ರ ಬಾಯಲ್ಲೂ ಐತೆ."

ಎಳನೀರಿನ ಗಂಜಿ ಕೆತ್ತಿಸಿ ಅವಳ ಕೈಗೆ ಕೊಟ್ಟೆ. ಮಕ್ಕಳು ಹೇಗಿದ್ದಾರೆ, ಹತ್ತನೇ ಕ್ಲಾಸಿನ ಪಾಠ ಎಲ್ಲಿಗೆ ಬಂತು ಅಂತ ಮಾತಾಡಿದೆವು. ಬಸ್ಸಿನಲ್ಲಿ ಪಕ್ಕಪಕ್ಕ ಕೂತರೆ ಬೇರೆ, ಎದುರಿಗೆ ನಿಂತರೆ ಅಂಥವೇ ಮಾತು ಬರುತ್ತವೆ. ನೆಲ್ಲು ಹಾಲುಗಟ್ಟಿದ್ದನ್ನು ಅವಳು ನನ್ನ ಮುಖ ನೋಡಿ ಹೇಳಲಾರಳು, ನಾನೂ ಕೇಳಲಾರೆ. ಆಟೊ ಬಂತು. ಹತ್ತಿ ಕೂತು, "ಉಷಾರಾಗ್ ಓಗಕ್ಕ" ಅಂದಳು.

ಮರುವರ್ಷ ಅವಳಿಗೆ ಸರ್ಕಾರಿ ಕೆಲಸವಾಯಿತು. ಮಂಡಳಿಯವರು ಹೆದರಿದ್ದು ಒಂದು ರೀತಿ ನಿಜವಾಯಿತು, ಆದರೆ ಆ ಕಾರಣಕ್ಕಲ್ಲ. ಅವಳು ಬಿಟ್ಟ ಮೇಲೆ ಅವಳ ಮೇಲ್ ಐಡಿ ಮುಚ್ಚಿದರು. ಅಷ್ಟರಲ್ಲಿ ಹೊಸ ಮೇಲ್ ವ್ಯವಸ್ಥೆ ಬಂದು ನನ್ನ ಹಳೆಯವೂ ಹೋದವು. ಅವಳ ಸಾಲುಗಳನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಬೇಕು ಅಂತ ನನಗೆ ಹೊಳೆದಿರಲಿಲ್ಲ. ನೆನಪಿನಲ್ಲಿ ಕೆಲವು ಉಳಿದಿವೆ, ಬೆಳ್ಳಕ್ಕಿಯ ಸಾಲಂತೂ ಆ ಫೈಲಿನಲ್ಲಿ ಇರಬೇಕು. ಅಲ್ಲಿ ಯಾರೂ ಅದನ್ನು ತೆರೆದು ಓದುವುದಿಲ್ಲ. ಓದಬೇಕು ಅನ್ನುವ ನನಗೆ ಅದು ಸಿಗುವುದಿಲ್ಲ.

ಈಗ ಅವಳಿಗೆ ಅವಳದೇ ಫೋನಿದೆ, ಸಂಬಳದಲ್ಲಿ ತೆಗೆದುಕೊಂಡದ್ದು. ಲಾಕ್ ಹಾಕಿಟ್ಟಿದ್ದಾಳೆ, ಯಾರೂ ನೋಡುವುದಿಲ್ಲವಂತೆ. ವಾಟ್ಸಾಪಿನಲ್ಲಿ ಬೆಳಗ್ಗೆ ಹೂವಿನ ಚಿತ್ರ ಬರುತ್ತದೆ, ಹಬ್ಬಕ್ಕೆ ಶುಭಾಶಯ ಬರುತ್ತದೆ. ನಾನೂ ಕಳಿಸುತ್ತೇನೆ.

ಮೊನ್ನೆ ಭಾನುವಾರ ಸುಮ್ಮನೆ ಕೇಳಿದೆ, "ಏನ್ಮಾಡ್ತಿದೀಯಾ?"

"ಸುಮ್ಮೆ ಕುಂತಿವ್ನಿ ಅಕ್ಕ" ಅಂತ ಬಂತು.

ಎಲ್ಲಿ ಕುಂತಿದ್ದೀಯ, ಅಲ್ಲಿಂದ ಏನು ಕಾಣುತ್ತದೆ ಅಂತ ಕೇಳಬೇಕು ಅನ್ನಿಸಿತು. ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಹಿಂದೆ ಕೇಳಬೇಕಾಗಿರಲಿಲ್ಲ.