ಕಡಲೆಕಾಳಿನಷ್ಟು ಗುಂಡಿ

ಮಿಲ್ಟ್ರಿ ಬಿಟ್ಟು ಬಂದಮೇಲೆ ಬಸ್ತಿಹಳ್ಳಿಯ ಬಸದಿಯಲ್ಲಿ ಕಾವಲಿದ್ದೆ. ಒಂದಿನ ಹೆಂಡತಿ ಜೊತೆ ಬಂದ ಇಂಜಿನಿಯರೊಬ್ಬರು, ಸೈನ್ಯದ ವೈರ್‌ಲೆಸ್ ಸೆಟ್ ಮಾಡೋದು ತಾವೇ ಅಂದರು. ಆ ಸೆಟ್ಟನ್ನು ಹಿಮದಲ್ಲಿ ಹೊತ್ತವನು ನಾನು. ಅದರ ಗುಂಡಿಗಳು ಕಡಲೆಕಾಳಿನಷ್ಟು. ಒತ್ತಬೇಕಾದರೆ ಗ್ಲೌಸ್ ಕಳಚಲೇಬೇಕಿತ್ತು. ಹಾಗೆ ಕಳಚಿ ಕಳಚಿಯೇ ನನ್ನ ಬಲಗೈ ಬೆರಳುಗಳು ಹಿಮಕ್ಕೆ ಕೊಳೆತು, ಡಾಕ್ಟರು ಕತ್ತರಿಸಿದ್ದರು.

ಆ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು, "ಗ್ಲೌಸ್ ಹಾಕ್ಕೊಂಡು ಒತ್ತಿ ನೋಡಿದ್ರಾ ಸಾರ್?" ಅಂದೆ.

"ನಮ್ಮ ಲ್ಯಾಬಲ್ಲಿ ಚೆನ್ನಾಗೇ ಕೆಲಸ ಮಾಡ್ತು ಕಣ್ರೀ. ಸೈನಿಕರಿಗೇ ಬಳಸೋಕೆ ಬರಲ್ಲ," ಅಂದವರು ತಮ್ಮ ಕ್ಯಾಮೆರಾ ನನ್ನ ಎಡಗೈಗೆ ಕೊಟ್ಟು, ಹೆಂಡತಿ ಜೊತೆ ಹೊಳೆಯೋ ಕಂಬದ ಪಕ್ಕ ನಿಂತರು.

ಗುಂಡಿ ಬಲಗಡೆಗಿತ್ತು. ಎಡಗೈಯನ್ನೇ ತಿರುಚಿ ಒತ್ತಿದೆ, ಕ್ಯಾಮೆರಾ ವಾಲಿತು. ಫೋಟೋದಲ್ಲಿ ಇಬ್ಬರ ತಲೆಯೂ ಬಂದಿರಲಾರದು.

ಕ್ಯಾಮೆರಾ ಚೆನ್ನಾಗೇ ಇತ್ತು ಬಿಡಿ. ಕಾವಲುಗಾರನಿಗೇ ಬಳಸೋಕೆ ಬರಲಿಲ್ಲ.