ಒಂಬತ್ತನೆಯವಳ ಶುಕ್ರವಾರ

ಬುಧವಾರ ಬೆಳಿಗ್ಗೆ ಸಿಂಕಿನ ಮುಂದೆ ನಿಂತು ಬಂಗುಡೆ ಕೊಯ್ಯುತ್ತಿದ್ದಾಗ ಮಗಳ ಫೋನು ಬಂತು. ಕೈಯೆಲ್ಲ ಮೀನು. ಮೊಣಕೈಯಿಂದಲೇ ಸ್ಪೀಕರ್ ಒತ್ತಿದೆ.

“ಮಮ್ಮಿ, ಶುಕ್ರವಾರ ನಂಗೆ ಡ್ಯೂಟಿ ಹಾಕಿದ್ದಾರೆ. ಫೈನಲ್ ಹೋಯ್ತು.”

ಮಗಳು ಇಲ್ಲಿ ಬಹರೈನಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಬಿಡುವಿನಲ್ಲಿ ಆಸ್ಟ್ರೇಲಿಯದವರ ಫುಟ್‌ಬಾಲ್ ಆಡುತ್ತಾಳೆ. ಮೊಟ್ಟೆಯಂಥ ಚೆಂಡು, ಕಾಲಿನಿಂದ ಒದೆಯಬಹುದು, ಕೈಯಿಂದ ಗುದ್ದಬಹುದು, ಚೆಂಡು ಹಿಡಿದವಳನ್ನು ಕೆಡವಲೂಬಹುದು. ಮೊದಲ ಸಲ ನೋಡಿದಾಗ ನಾನು ಕಣ್ಣು ಮುಚ್ಚಿ ಇಡೀ ಜಪಮಾಲೆ ಮುಗಿಸಿದ್ದೆ. ಅವಳ ತಂಡದಲ್ಲಿ ಇರುವುದು ಒಂಬತ್ತೇ ಹೆಂಗಸರು, ಆಡಲು ಬೇಕಾದದ್ದೂ ಒಂಬತ್ತು. ಒಬ್ಬಳು ತಪ್ಪಿದರೆ ಆಡದೆಯೇ ಸೋತಂತೆ.

“ನಿನ್ನೊಟ್ಟಿಗಿನ ಆ ಬಹರೈನಿ ಡಾಕ್ಟರನ್ನು ಕೇಳು ಮಾರಾಯ್ತಿ. ರಂಜಾನಿನಲ್ಲಿ ಅವಳು ಉಪವಾಸ ಬಿಡ್ಲಿಕ್ಕೆ ಮನೆಗೆ ಹೋಗುವಾಗೆಲ್ಲ ನೀನೇ ಅಲ್ವಾ ಅವಳ ಡ್ಯೂಟಿಗೆ ನಿಂತದ್ದು?”

“ಅದಕ್ಕೇ ಕೇಳೂದಿಲ್ಲ. ಅವಳು ಮನೆಯವರೊಟ್ಟಿಗೆ ಕೂತು ತಿನ್ಲಿ ಅಂತ ನಿಂತದ್ದು. ಈಗ ಕೇಳಿದ್ರೆ ವ್ಯಾಪಾರ ಆಗ್ತದೆ. ನೀನೂ ಬಾಯಿ ಹಾಕ್ಬೇಡ, ಗೊತ್ತಾಯ್ತಾ?”

ಗೊತ್ತಾಯಿತು. ಆದರೆ ಮೀನಿಗೆ ಮಸಾಲೆ ಹಚ್ಚುವಾಗ ಕಪಾಟಿನ ಮೇಲಿದ್ದ ನೀಲಿ ಅಂಚಿನ ಬಸಿ, ಆಳದ ಪಿಂಗಾಣಿ ತಟ್ಟೆ, ಕಣ್ಣಿಗೆ ಬಿತ್ತು. ರಂಜಾನಿನಲ್ಲಿ ಅದೇ ಹುಡುಗಿಯ ತಾಯಿ ಅದರಲ್ಲಿ ಹರೀಸ್ ತುಂಬಿಸಿ ಕಳಿಸಿದ್ದರು, ಗೋಧಿ ಮಾಂಸ ಬೇಯಿಸಿ ಕಡೆದ ಅವರ ಗಂಜಿ. ಅವರ ಮನೆಯೂ ಬುಸೈತೀನಿನಲ್ಲೇ, ನಮ್ಮ ಫ್ಲ್ಯಾಟಿನಿಂದ ಎರಡು ಬೀದಿ ಆಚೆ. ಬಂದ ಬಸಿಯನ್ನು ಖಾಲಿ ಹಿಂತಿರುಗಿಸುವ ಕ್ರಮ ನಮ್ಮಲ್ಲಿಲ್ಲ, ಅವರಲ್ಲೂ ಇಲ್ಲ. ಏನು ತುಂಬಿಸಲಿ ಎಂದು ಯೋಚಿಸುವುದರಲ್ಲೇ ವಾರಗಳು ಕಳೆದಿದ್ದವು. ಅಂದು ಮಧ್ಯಾಹ್ನ ನೀರುದೋಸೆ ಹೊಯ್ದು, ಒಳಗೆ ಕಾಯಿಬೆಲ್ಲ ಸುತ್ತಿ ತೆಗೆದುಕೊಂಡು ಹೋದೆ. ಬಸಿ ಕೊಡಲೆಂದೇ ಹೋದದ್ದು. ಉಳಿದದ್ದು ದೇವರಿಗೆ ಗೊತ್ತು.

ಆ ತಾಯಿ ನಮ್ಮಿಬ್ಬರದೂ ಅಲ್ಲದ ಹಿಂದಿಯಲ್ಲಿ ಕೇಳಿದರು, “ಮಗಳು ಹೇಗಿದ್ದಾಳೆ? ಶುಕ್ರವಾರ ಫೈನಲ್ ಅಂತಲ್ಲ?”

ಸುಳ್ಳು ಹೇಳಲಾದೀತೇ? “ಡ್ಯೂಟಿ ಉಂಟು,” ಎಂದೆ.

“ಯಾ ಅಲ್ಲಾಹ್! ನನ್ನ ಮಗಳಿಗೆ ಹೇಳಲಿಲ್ಲವಾ?”

“ಕೇಳುವುದಿಲ್ಲವಂತೆ. ಸ್ವಾಭಿಮಾನ.”

“ನನ್ನದೂ ಹಾಗೆಯೇ. ಇವರನ್ನು ಇಷ್ಟು ಓದಿಸಿದ್ದೇ ನಮ್ಮ ತಪ್ಪು!” ಎಂದು ನಗುತ್ತಾ, ಬಾಯಲ್ಲಿ ದೋಸೆ ಇಟ್ಟುಕೊಂಡೇ ಫೋನು ಎತ್ತಿಕೊಂಡರು.

ಸಂಜೆ ಮಗಳು ಬಾಗಿಲಲ್ಲೇ ನಿಂತಳು. “ಅವಳೇ ಬಂದು ನನ್ನ ಶುಕ್ರವಾರ ತಕ್ಕೊಂಡ್ಳು. ಎಂತ ಮಾಡಿದ್ದು ನೀನು?”

“ಬಸಿ ಕೊಟ್ಟು ಬಂದೆ, ಅಷ್ಟೆ.”

“ಮಮ್ಮಿ!” ಎಂದು ಗದರಿದಳು. ಆಮೇಲೆ, ಷೂ ಕೂಡ ಬಿಚ್ಚದೆ, ತಬ್ಬಿಕೊಂಡಳು.

ಶುಕ್ರವಾರ ಬೆಳಿಗ್ಗೆ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಮೈದಾನಕ್ಕೆ ಹೋದೆ. ಒಂಬತ್ತು ಜನವೂ ಓಡಿದರು, ಬಿದ್ದರು, ಎದ್ದರು. ಒಂದೇ ಒಂದು ಅಂಕದಿಂದ ಸೋತರು. ಆದರೂ ಆಡಿ ಸೋತರಲ್ಲ! ಮಗಳ ಮಂಡಿ ತರಚಿತ್ತು, ಹತ್ತು ಬೆರಳೂ ನೆಟ್ಟಗಿದ್ದವು. ಮರುದಿನ ಅವೇ ಬೆರಳುಗಳು ರೋಗಿಗಳ ನಾಡಿ ಹಿಡಿಯಬೇಕಲ್ಲ. ದೇವರಿಗೆ ಸ್ತೋತ್ರ.

ಮನೆಗೆ ಬಂದರೆ ಬಾಗಿಲ ಹಿಡಿಕೆಯಲ್ಲಿ ಒಂದು ಚೀಲ ತೂಗುತ್ತಿತ್ತು. ಒಳಗೆ ಅದೇ ನೀಲಿ ಅಂಚಿನ ಬಸಿ, ತುಂಬ ಖರ್ಜೂರ. ಒಂದನ್ನು ಬಾಯಿಗೆ ಹಾಕಿಕೊಂಡು, ಹುಲ್ಲಿನ ಹಸಿರು ಹಿಡಿದ ಜೆರ್ಸಿಯನ್ನು ಬೇರೆ ಬಕೆಟಿನಲ್ಲಿ ನೆನೆಹಾಕಿ, ಬಿಳಿ ಕೋಟಿಗೆ ಇಸ್ತ್ರಿ ಹಾಕಲು ನಿಂತೆ.